ಬಾಸ್ ಜಪಾನಿಗೆ ಹೋಗಿಬಂದ ಮೇಲೆ

ಮೇಲಿನವರು ಪ್ರವಾಸ ಹೋಗಿಬಂದರೆ ಕೆಳಗಿನವರ ಗ್ರಹಚಾರ ಶುರುವಾಗುತ್ತದೆ. ನೈರೋಬಿಯ ನಮ್ಮ ಆಫೀಸಿನಲ್ಲಿ ಇದು ಆಗಾಗ ಆಗುತ್ತಿದ್ದದ್ದೇ. ಆದರೆ ಬಾಸ್ ಜಪಾನಿಗೆ ಹೋಗಿಬಂದ ವರ್ಷವನ್ನು ನಾನು ಮರೆಯುವಂತಿಲ್ಲ. ನಮ್ಮದು ಕರೆಂಟಿಲ್ಲದ ಊರುಗಳ ಆಸ್ಪತ್ರೆಗಳಿಗೆ ಸೋಲಾರ್ ಹಾಕುವ ಕೆಲಸ. ಮೈಸೂರಿನವರಾದ ನಮ್ಮ ಬಾಸ್ ಜಪಾನಿನಿಂದ ತಂದದ್ದು ಒಂದು ಕಟ್ಟು ಬಣ್ಣದ ಕಾಗದ.

ಮಡಿಕೆ

"ಮುಂದಿನ ಎಂಜಿನಿಯರಿಂಗೆಲ್ಲ ಈ ಒರಿಗಾಮಿಯಲ್ಲೇ ಇದೆ ಕಣ್ರೀ" ಎಂದು ಕಾಗದ ಹಂಚಿದರು. ಎಲ್ಲರೂ ಕೊಕ್ಕರೆ ಮಡಿಸಬೇಕಂತೆ. ನನ್ನದು ಕೋಳಿಯಾಯಿತು. ಪಕ್ಕದ ಟೇಬಲ್ಲಿನ ಎಂಜಿನಿಯರ್, ಇದೇ ಊರಿನವಳು, ಮಾತ್ರ ಇದನ್ನು ತಲೆಗೆ ಹಚ್ಚಿಕೊಂಡಳು. ವಾರಗಟ್ಟಲೆ ಕೂತು ಸೋಲಾರ್ ಪ್ಯಾನಲ್ಲಿನದೊಂದು ಮಾದರಿ ಮಾಡಿದಳು. ಮಡಿಸಿದರೆ ಪಿಕಪ್ಪಿನ ಮೂಲೆಯಲ್ಲಿ ಹಿಡಿಸುವಂಥದ್ದು, ಎಳೆದರೆ ಚಾಪೆಯಂತೆ ಬಿಚ್ಚಿಕೊಳ್ಳುವಂಥದ್ದು. ನೋಡಿ ನನಗೆ ನಿಜಕ್ಕೂ ಮೈ ಜುಮ್ಮೆಂದಿತು.

ವಿಶ್ವಸಂಸ್ಥೆಯ ಕಚೇರಿಗಳಿರುವ ಗಿಗಿರಿಯಲ್ಲಿ ಯೋಜನೆ ಒಪ್ಪಬೇಕಾದವರ ಮುಂದೆ ಬಾಸ್ ಅದನ್ನು ಎತ್ತಿ ಹಿಡಿದು, "ಕ್ಯೋಟೋದ ಗುಡಿಯಲ್ಲಿ ಕೂತಿದ್ದಾಗ ನನಗೆ ಹೊಳೆದದ್ದು" ಎಂದರು. ಎಳೆದರು. ಬಿಚ್ಚಿಕೊಂಡಿತು. ಚಪ್ಪಾಳೆ ಬಿತ್ತು.

"ಮತ್ತೆ ಮಡಿಸಿ ತೋರಿಸ್ತೀರಾ?" ಎಂದರು ಒಬ್ಬರು.

ಬಾಸ್ ನನ್ನ ಪಕ್ಕ ಕೂತಿದ್ದ ಅವಳ ಕಡೆ ನೋಡಿದರು. ಅವಳು ಕಿಟಕಿಯ ಕಡೆ ನೋಡಿದಳು. ಕೊನೆಗೆ ಬಾಸ್ ಅದನ್ನು ಒದ್ದೆ ಬೆಡ್‌ಶೀಟಿನ ಹಾಗೆ ಕಂಕುಳಿಗೆ ತುರುಕಿಕೊಂಡು ಕಾರು ಹತ್ತಿದರು. ಆಮೇಲೆ ಉತ್ತರ ಬಂತು: ಒಮ್ಮೆ ಬಳಸಿ ಬಿಸಾಡುವ ಪ್ಯಾನಲ್ ನಮಗೆ ಬೇಡ.

ಚಿನ್ನದ ಬಿರುಕು

ನಾವು ಕಟ್ಟಿಸಿದ್ದ ಒಂದು ಬ್ಯಾಟರಿ ಕೋಣೆಯ ಗೋಡೆ ಬಿರುಕು ಬಿಟ್ಟಿತು.

"ಜಪಾನಿನಲ್ಲಿ ಒಡೆದ ಬಟ್ಟಲನ್ನ ಚಿನ್ನ ಹಾಕಿ ಬೆಸೀತಾರೆ. ಬಿರುಕನ್ನ ಮುಚ್ಚಿಡಬಾರದು, ಮೆರೆಸಬೇಕು" ಎಂದರು ಬಾಸ್.

"ಸರ್, ಅದು ಬಟ್ಟಲು. ಇಲ್ಲಿ ತಳಪಾಯ ಕುಸೀತಿದೆ" ಎಂದೆ.

"ನಿಮಗೆ ಸೌಂದರ್ಯಪ್ರಜ್ಞೆ ಇಲ್ಲ."

ಚಿನ್ನದ ಬಣ್ಣ ಬಳಿಸಿಯೇ ಬಿಟ್ಟರು. ಆಸ್ಪತ್ರೆಯ ಹಿರಿಯ ನರ್ಸ್ ಫೋನ್ ಮಾಡಿದರು. "ಅಸಾಂಟೆ, ತುಂಬಾ ಉಪಕಾರವಾಯ್ತು. ಮೊದಲು ಬಿರುಕು ನಮಗಷ್ಟೇ ಕಾಣ್ತಿತ್ತು. ಈಗ ಮಟಾಟು ವ್ಯಾನಿನಲ್ಲಿ ಹೋಗೋರೂ ಇಳಿದು ಬಂದು ವಿಚಾರಿಸ್ತಾರೆ."

ಖಾಲಿ ಜಾಗ

ಹೊಸ ಕೆಲಸ ಬರುವುದು ನಿಂತಿತು. ಒಂದು ದಿನ ಬಾಸ್ ನನ್ನನ್ನೂ ಪಕ್ಕದ ಟೇಬಲ್ಲಿನವಳನ್ನೂ ಒಳಗೆ ಕರೆದರು.

"ಜಪಾನೀ ಮನೆಗಳಲ್ಲಿ ಖಾಲಿ ಜಾಗಕ್ಕೇ ಬೆಲೆ. ಕಮ್ಮಿ ಇದ್ದಷ್ಟೂ ನೆಮ್ಮದಿ. ನಮ್ಮ ಆಫೀಸೂ ಹಾಗಾಗಬೇಕು."

"ಹೌದು ಸರ್, ಬೀರುಗಳು ಬಹಳ ಆದವು" ಎಂದೆ.

"ಬೀರುಗಳು ಇರ್ತವೆ" ಎಂದರು.

ಅವಳಿಗೆ ನನಗಿಂತ ಮೊದಲು ಅರ್ಥವಾಯಿತು. ಎದ್ದು ಬ್ಯಾಗು ತರಲು ಹೋದಳು. ಬಾಸ್ ನನಗೆ ಸೊಂಟದವರೆಗೆ ಬಗ್ಗಿ ನಮಸ್ಕರಿಸಿದರು. ಅಷ್ಟು ಮರ್ಯಾದೆ ನನಗೆ ಆ ಆಫೀಸಿನಲ್ಲಿ ಅದೇ ಮೊದಲು ಸಿಕ್ಕಿದ್ದು.

ಕೆಲಸ ಹೋದರೆ ಈ ದೇಶದಲ್ಲಿರುವ ಪರ್ಮಿಟ್ಟೂ ಹೋಗುತ್ತದೆ. ಕಿಲಿಮಾನಿಯ ಮನೆಗೆ ಬಂದೆ. ಊಟಕ್ಕೆ ಕೂತಾಗ ಹೆಂಡತಿಗೆ ಹೇಗೋ ಹೇಳಿದೆ: "ಆಫೀಸಿನಲ್ಲಿ ಖಾಲಿ ಜಾಗ ಮಾಡ್ತಿದ್ದಾರೆ."

"ಒಳ್ಳೇದಾಯ್ತು ಬಿಡಿ, ನಿಮಗೂ ಕಾಲು ಚಾಚೋಕಾಗುತ್ತೆ" ಎಂದು ಅವಳು ಸಾರು ಬಡಿಸಿದಳು.

ಮಗಳು ಫೋನಿನಿಂದ ತಲೆ ಎತ್ತದೆ ಹೇಳಿದಳು: "ಅಮ್ಮಾ, ಡ್ಯಾಡ್ ಈಸ್ ದ ಖಾಲಿ ಜಾಗ."