ಮಾವನ ಹ್ಯಾಟಿನ ಲೈನಿಂಗು

ಹೋದ ವರ್ಷದವರೆಗೂ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಈ ತಾಲ್ಲೂಕಿಗೆಲ್ಲ ಅತಿ ವಿನಯವಂತ ಯಾರಪ್ಪ ಅಂತ ಕೇಳಿದ್ದರೆ, ಎಲ್ಲರೂ ನಮ್ಮ ಸೋದರಮಾವನ ಕಡೆಗೇ ಕೈ ತೋರಿಸುತ್ತಿದ್ದರು. ಎದುರಿಗೆ ಎಮ್ಮೆ ಹೊಡೆದುಕೊಂಡು ಬರುವವನಿರಲಿ, ಬ್ಯಾಂಕ್ ಮ್ಯಾನೇಜರಿರಲಿ, ಮಾವ ನಿಂತು, ತಲೆಯ ಮೇಲಿನ ಹ್ಯಾಟು ತೆಗೆದು, ಎದೆಯ ಮುಂದೆ ಅಂಗಾತ ಹಿಡಿಯುತ್ತಿದ್ದರು. ಎಂಥಾ ಸಂಸ್ಕಾರ ಅಂತ ಜನ ತಲೆದೂಗುತ್ತಿದ್ದರು. ಅದು ಸಂಸ್ಕಾರವೂ ಅಲ್ಲ, ಮಣ್ಣೂ ಅಲ್ಲ. ಮಾವ ಹ್ಯಾಟಿನ ಲೈನಿಂಗು ತೋರಿಸುತ್ತಿದ್ದರು, ಅಷ್ಟೆ.

ಆ ಹ್ಯಾಟು ಬಂದದ್ದು ಹೀಗೆ. ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಬರುವ ರಸ್ತೆಯ ಪಕ್ಕದಲ್ಲೇ ಮಾವನ ಆಲೆಮನೆ. ಒಂದು ದಿನ ಕೋಟೆ ನೋಡಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದ ವಿದೇಶದವನೊಬ್ಬ ಬೆಲ್ಲದ ವಾಸನೆ ಹಿಡಿದು ಒಳಗೆ ನುಗ್ಗಿದ. ಕೊಪ್ಪರಿಗೆಯಿಂದ ಆಗಷ್ಟೇ ಇಳಿಸಿದ್ದ ಬೆಲ್ಲ ನೆಕ್ಕಿ ನಾಲಿಗೆ ಸುಟ್ಟುಕೊಂಡ. ಮಾವ ಅವನಿಗೆ ನಿಂಬೆಹಣ್ಣು ಹಿಂಡಿದ ಕಬ್ಬಿನ ಹಾಲು ಕುಡಿಸಿ, ಒಂದಿಷ್ಟು ಅಚ್ಚುಬೆಲ್ಲ ಕಟ್ಟಿಕೊಟ್ಟು, ದುಡ್ಡು ಬೇಡ ಅಂದರು. ಅವನಿಗೆ ಏನು ಮಾಡಬೇಕೋ ತೋಚಲಿಲ್ಲ. ತನ್ನ ಫೆಲ್ಟ್ ಹ್ಯಾಟನ್ನು ತೆಗೆದು ಮಾವನ ತಲೆಗಿಟ್ಟು ಹೊರಟುಹೋದ. ಉಣ್ಣೆಯನ್ನು ಒತ್ತಿ ಒತ್ತಿ ಮಾಡಿದ ದಪ್ಪನೆಯ ಬೂದು ಹ್ಯಾಟು. ಒಳಗೆ ಮಿರಮಿರ ಮಿಂಚುವ ನುಣುಪು ಬಟ್ಟೆ. ಆ ಬಟ್ಟೆಯ ನೆತ್ತಿಯಲ್ಲಿ ಯಾವುದೋ ದೇಶದ ಭಾಷೆಯ ಬಂಗಾರದ ಬಣ್ಣದ ಅಕ್ಷರ.

ಊರು ನಂಬಬೇಕಲ್ಲ? "ಪಟ್ಟಣದ ಕೋಟೆ ಬಾಗ್ಲಲ್ಲಿ ಚೌಕಾಸಿ ಮಾಡಿ ತಂದ್ಬುಟ್ಟು ನಮ್ಗೆ ಕತೆ ಕಟ್ತಾವ್ನೆ" ಅಂತ ಟೀ ಅಂಗಡಿಯಲ್ಲಿ ತೀರ್ಪಾಯಿತು. ಅತ್ತೆಯೂ ಮುಸಿಮುಸಿ ನಕ್ಕರು. ಮಾವನಿಗೆ ಇದು ಬಹಳ ನಾಟಿತು. ಕಬ್ಬು ಕಡಿ, ಅರೆ, ಕಾಯಿಸು ಅಂತ ಕಳೆದ ಬದುಕಿನಲ್ಲಿ ಯಾರಿಗೂ ಆಗದೆ ತನಗೊಬ್ಬನಿಗೇ ಆದ ಸಂಗತಿ ಅದೊಂದೇ; ಅದನ್ನೇ ಸುಳ್ಳು ಅಂದರೆ? ಇದ್ದ ಸಾಕ್ಷಿಯೆಂದರೆ ಆ ಬಂಗಾರದ ಅಕ್ಷರ. ಹಾಗಾಗಿ ಕಂಡಕಂಡವರ ಮುಂದೆಲ್ಲ ಹ್ಯಾಟು ಮಗುಚಲು ಶುರುಮಾಡಿದರು.

ಬೇಸಿಗೆ ಬಂತು ನೋಡಿ, ತೊಂದರೆ ಆಗ ಶುರುವಾಯಿತು. ಮಾವನ ಬೆವರು, ಕೊಬ್ಬರಿ ಎಣ್ಣೆ, ಆಲೆಮನೆಯ ಹಬೆ, ಮೂರನ್ನೂ ಲೈನಿಂಗು ಕುಡಿಯಿತು. ಇರುವೆ ಮುತ್ತಿದವು. ಹಣೆಯ ಸುತ್ತ ಬೆವರುಸಾಲೆ ಎದ್ದಿತು. ಒಗೆಯೋಣವೆಂದರೆ ಅಕ್ಷರ ಹೋದಾವೆಂಬ ಭಯ. ಒಳಗಿನ ಬಟ್ಟೆ ತೆಗೆಸಿ, ಗಾಳಿಯಾಡಲಿ ಅಂದರು ಡಾಕ್ಟರು. ಅತ್ತೆಯಂತೂ, "ತಗ್ಸುದ್ರೆ ಟೋಪಿ ಒಳಕ್ ಬರ್ಲಿ. ಇಲ್ದಿದ್ರೆ ಅದ್ರ ಜೊತೆ ನೀವೂ ಕೊಟ್ಟಿಗೇಲೇ ಮನೀಕಳಿ" ಅಂದುಬಿಟ್ಟರು.

"ತೆಗೆದು ಜೇಬಲ್ಲಿಟ್ಟುಕೊಳ್ಳಿ ಮಾವ, ಕೇಳಿದವರಿಗೆ ತೋರಿಸಬಹುದು" ಅಂದೆ ನಾನು.

"ಜೇಬಿಂದ ತಗುದ್ರೆ ಕರ್ಚೀಪು ಅಂತಾರೆ ಕಣ್ಲಾ."

ಸರಿ, ತಜ್ಞರ ಸಲಹೆ ಕೇಳುವುದೆಂದಾಯಿತು. ಮಾವ ನನ್ನ ಸ್ಕೂಟರಿನ ಹಿಂದೆ ಹ್ಯಾಟು ಒತ್ತಿ ಹಿಡಿದು ಕೂತರು. ಮೊದಲು ಹೋದದ್ದು ಪೇಟೆಯ ಲೇಡೀಸ್ ಟೈಲರ್ ಹತ್ತಿರ. ಲೈನಿಂಗ್ ವಿಷಯ ಅವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಅವನು ಹ್ಯಾಟಿನೊಳಗೆ ಇಣುಕಿ, "ಅಣ್ಣ, ರವಿಕೆಗೆ ಲೈನಿಂಗ್ ಆಕ್ಕೊಂಡೇ ಜೀವ್ನ ಮಾಡ್ತಾವ್ನಿ. ತಗುದ್ಕೊಡು ಅಂತ ಬಂದೋರು ನೀವೇ ಮೊದ್ಲು" ಅಂತ ಕೈಮುಗಿದ. ನಾಗಮಂಗಲದ ಸಂತೆಯಲ್ಲಿ ಕಂಬಳಿ ಮಾರುವ ಅಜ್ಜ ಮಾತ್ರ ಖಡಾಖಂಡಿತ: "ಇದೂ ಕಂಬ್ಳಿನೇ ಕಣಪ್ಪ. ಕಂಬ್ಳಿಗೆ ಯಾವನಾರ ಲೈನಿಂಗ್ ಆಕಾನಾ? ಕಿತ್ತಾಕು." ಮಾವನ ಮುಖ ಸಪ್ಪಗಾಯಿತು. "ಇವ್ನು ಕುರಿ ವಿಷ್ಯದಲ್ಲಿ ಗಟ್ಟಿ, ಟೋಪಿ ವಿಷ್ಯದಲ್ಲಿ ಅಲ್ಲ" ಅಂತ ಸ್ಕೂಟರ್ ಹತ್ತಿದರು.

ಕೊನೆಗೆ ಉಳಿದದ್ದು ದೇವರು. ಕೆ.ಆರ್. ಪೇಟೆ ಕಡೆ ಅತ್ತೆಯ ತವರಿನ ದೇವರು ಹೂ ಕೊಡುವುದಕ್ಕೆ ಹೆಸರುವಾಸಿ. ಮದುವೆ, ಬೋರ್‌ವೆಲ್ಲು, ಕೋರ್ಟು ಕೇಸು, ಏನೇ ಕೇಳಿ, ಆಗಬಹುದಾದರೆ ಬಲದಿಂದ ಹೂ ಬೀಳುತ್ತದೆ, ಬೇಡವಾದರೆ ಎಡದಿಂದ. ಮಾವ ಹ್ಯಾಟನ್ನು ಕಂಕುಳಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ನಿಂತರು. ಹೂ ಬೀಳಲೊಲ್ಲದು. ಹಿಂದೆ ನಿಂತವನೊಬ್ಬ, "ಬ್ಯಾಗ ಕೊಟ್ಬುಡಪ್ಪ ಸ್ವಾಮಿ, ನಮ್ದು ಬೋರ್‌ವೆಲ್ ವಿಷ್ಯ ಅದೆ" ಅಂತ ದೇವರಿಗೇ ಅವಸರ ಮಾಡಿದ. ಅಂತೂ ಬಲಗಡೆಯಿಂದ ಒಂದು ಸೇವಂತಿಗೆ ಉದುರಿತು.

"ಆಯ್ತು, ತಗ್ಸಿ" ಅಂದರು ಪೂಜಾರಿ.

"ಬಲ ಅಂದ್ರೆ ಯಾರ ಬಲ ಸ್ವಾಮಿ?"

"ದೇವ್ರ ಬಲ."

"ಕೇಳ್ದೋನು ನಾನು. ನನ್ಗೆ ಅದು ಎಡ ಆಯ್ತದೆ" ಅಂತ ಹೂವನ್ನು ಕಣ್ಣಿಗೊತ್ತಿಕೊಂಡು ಮಾವ ಸಂತೋಷವಾಗಿ ಹೊರಗೆ ಬಂದರು. ಬೋರ್‌ವೆಲ್ಲಿನವನ ಗತಿ ಏನಾಯಿತೋ ನನಗೆ ತಿಳಿಯದು.

ಈ ವರ್ಷ ಅತ್ತೆಗೆ ಕ್ಯಾನ್ಸರ್ ಅಂತ ಗೊತ್ತಾಯಿತು. ಮೈಸೂರಿನಲ್ಲಿ ಔಷಧಿ ಶುರುವಾಗಿ, ಸೊಂಟ ಮುಟ್ಟುತ್ತಿದ್ದ ಜಡೆ ಪೂರ್ತಿ ಉದುರಿಹೋಯಿತು. "ತಿರುಪ್ತಿ ಬಸ್ ಚಾರ್ಜ್ ಉಳೀತು ಬುಡು" ಅಂತ ಅತ್ತೆ ನನ್ನ ಮುಂದೆ ನಕ್ಕರು. ಆದರೆ ಬರಿತಲೆ ಹುಣ್ಣಿನ ಹಾಗೆ ನೋಯುತ್ತಿತ್ತು. ಸೆರಗಿನ ಜರಿ ತಾಗಿದರೆ ಉರಿ, ಟವೆಲ್ಲು ಕಟ್ಟಿದರೆ ಉರಿ, ಅಂಗಡಿಯಿಂದ ತಂದ ಉಲನ್ ಟೋಪಿಯಂತೂ ಕೇಳುವುದೇ ಬೇಡ. ದಿಂಬಿಗೆ ತಲೆಯಿಟ್ಟು ಮಲಗುವುದೇ ಆಗದೆ, ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದರು.

ಹೋದ ತಿಂಗಳು ನಾನು ಹೋದಾಗ ಮಾವ ಜಗಲಿಯಲ್ಲಿ ಹ್ಯಾಟನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು, ಬ್ಲೇಡಿನಲ್ಲಿ ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದರು.

"ಕೊನೆಗೂ ತೆಗೀತಿದ್ದೀರಾ ಮಾವ?"

"ಮಾತಾಡುಸ್ಬ್ಯಾಡ ಕಣ್ಲಾ, ಅರಿದೋದಾತು."

ಬಟ್ಟೆ ಹರಿಯದೆ ಇಡಿಯಾಗಿ ಬಂತು. ನೋಡಿದರೆ ಮಗುವಿನ ಕುಲಾವಿಯ ಹಾಗೇ ಇದೆ. ಮಾವ ಸೋಪು ಹಾಕಿ ತಿಕ್ಕಿ ತಿಕ್ಕಿ ಒಗೆದು, ಒಣಗಿಸಿ, ಒಳಗೆ ಬೆರಳಾಡಿಸಿದರು. ಬಂಗಾರದ ಅಕ್ಷರ ಹೋಗಿರಲಿಲ್ಲ. ಒರಟಾಗಿ ಕೈಗೆ ಸಿಗುತ್ತಿದ್ದವು. ಮಾವ ಉಗುರು ಹಾಕಿ ಅವನ್ನು ಕೆರೆಯತೊಡಗಿದರು.

ನಾನು ಕೈ ಹಿಡಿದುಕೊಂಡೆ. "ಮಾವ, ಅದೂ ಹೋದ್ರೆ ನಿಮ್ಮನ್ನ ಯಾರೂ ನಂಬಲ್ಲ."

"ನಂಬ್ದಿದ್ರೆ ಕತ್ತೆ ಬಾಲ. ಅವ್ಳಿಗೆ ಚುಚ್ತದೆ."

ಕೊನೆಯ ಅಕ್ಷರದವರೆಗೂ ಕೆರೆದರು. ಆ ಮನುಷ್ಯನ ಮೇಲೆ ನನಗೆ ಅಷ್ಟು ಅಕ್ಕರೆ ಹಿಂದೆಂದೂ ಬಂದಿರಲಿಲ್ಲ. ಮಾವ ಒಳಗೆ ಹೋಗಿ ಅದನ್ನು ಅತ್ತೆಯ ತಲೆಗೆ ತೊಡಿಸಿ, ಕಿವಿಯ ಹಿಂದೆ ಸರಿಮಾಡಿ, "ಚುಚ್ತದಾ ಅಮ್ಮಿ?" ಅಂತ ಕೇಳಿದರು.

ಅತ್ತೆ ಅದು ಯಾವ ಬಟ್ಟೆಯೆಂದು ಗುರುತು ಹಿಡಿದು, ಅದರೊಳಗೆ ಬೆರಳು ತೂರಿಸಿ ನೆತ್ತಿ ಸವರಿಕೊಂಡರು. ಅಲ್ಲಿ ಏನೂ ಕೈಗೆ ಸಿಗಲಿಲ್ಲ. ಮಾವನ ಮುಖ ನೋಡಿದರು.

"ಇಲ್ಲ. ಅವ್ನು ನಾಲ್ಗೆ ಸುಟ್ಕಂಡಿದ್ದೂ ನಿಜ, ಟೋಪಿ ಕೊಟ್ಟಿದ್ದೂ ನಿಜ. ನಾನ್ ನಂಬಿವ್ನಿ ಬುಡಿ" ಅಂದು, ದಿಂಬಿಗೆ ತಲೆಯಿಟ್ಟು ಮಲಗಿದರು.