ಮಾಮಾನ ಪಟ್ಟಿ ಬಸ್ಸು ಬದಲಿಸಿದ್ದು

ನಮ್ಮ ಮಾಮಾನಿಗೆ ಕಂಪ್ಯೂಟರ್ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಪಾಪ, ಕಂಪ್ಯೂಟರಿಗೇ ನಮ್ಮ ಮಾಮಾ ಗೊತ್ತಿಲ್ಲ!

ಈತ ನನ್ನ ತಾಯಿಯ ತಮ್ಮ. ಬೆಳಗಾವಿ–ಜಾಂಬೋಟಿ ಬಸ್ಸಿನ ಕಂಡಕ್ಟರನಾಗಿದ್ದು ನಿವೃತ್ತನಾಗಿ ಈಗ ಮಹಾಂತೇಶ ನಗರದಲ್ಲಿದ್ದಾನೆ. ಬಸ್ಸು ಬಿಟ್ಟರೂ ಕಂಡಕ್ಟರಿಕೆ ಬಿಟ್ಟಿಲ್ಲ. ಮದುವೆ ಊಟಕ್ಕೆ ಕೂತರೂ ಪಂಕ್ತಿಯಲ್ಲಿ ಎಷ್ಟು ಜನ ಎಂದು ಎಣಿಸದೆ ತುತ್ತು ಎತ್ತುವುದಿಲ್ಲ. ಬಸ್ಸಿನಲ್ಲಿದ್ದಾಗ ಬೇರೆ ಕಂಡಕ್ಟರುಗಳು ಚಿಲ್ಲರೆ ಕೇಳುತ್ತಿದ್ದರೆ ಈತ ರಕ್ತದ ಗುಂಪು ಕೇಳುತ್ತಿದ್ದ!

"ಖಾನಾಪುರ ಒಂದಾ? ರಕ್ತ ಯಾವುದ್ರೀ ನಿಮ್ದು?"

ಗಾಬರಿಯಾಗಿ ನಡುದಾರಿಯಲ್ಲೇ ಇಳಿದವರೂ ಉಂಟು. ಉಳಿದವರು ಹೆಸರು, ಫೋನ್ ನಂಬರ್ ಕೊಟ್ಟರು. ಹೀಗೆ ಬೆಳೆದದ್ದು ರಕ್ತದಾನಿಗಳ ಪಟ್ಟಿ. ಪರಿಚಯದವರೊಬ್ಬರು ಅದನ್ನು ಒಂದು ಕಂಪನಿಯ ಪುಕ್ಕಟೆ ಜಾಗದಲ್ಲಿ ಡೇಟಾಬೇಸ್ ಮಾಡಿಟ್ಟಿದ್ದರು. ಪ್ರತಿ ಯುಗಾದಿಗೆ ಬೇವು-ಬೆಲ್ಲ ತಿಂದು, ಪಟ್ಟಿಯಲ್ಲಿದ್ದವರಿಗೆಲ್ಲ ಒಂದೊಂದು ವರ್ಷ ವಯಸ್ಸು ಹೆಚ್ಚಿಸುವುದು ಮಾಮಾನ ಹಬ್ಬದ ಆಚರಣೆ! ಸುತ್ತಲಿನ ಯಾವ ಊರಲ್ಲಿ ಯಾರಿಗೆ ರಕ್ತ ಬೇಕಾದರೂ ಫೋನು ಬರುವುದು ಅವನಿಗೇ.

ಕಳೆದ ತಿಂಗಳು ಆ ಕಂಪನಿಯಿಂದ ಪತ್ರ ಬಂತು: ಶನಿವಾರ ಸಂಜೆ ನಿಮ್ಮ ಡೇಟಾಬೇಸ್ ಇರುವ ಪ್ರಾಜೆಕ್ಟ್ ಮುಚ್ಚುತ್ತೇವೆ, ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಮಾಮಾ ತಟ್ಟೆಯಲ್ಲಿನ ಉಪ್ಪಿಟ್ಟು ಬಿಟ್ಟು ನನ್ನ ಮನೆಗೆ ಓಡಿ ಬಂದ. ಆಫೀಸಿನಲ್ಲಿ ನಾನು ಮಾಡುವುದು ಇಂಥದ್ದೇ ಕೆಲಸ.

"ಹೆದರಬ್ಯಾಡ ಮಾಮಾ. ಬ್ಯಾರೆ ಕಡೆ ಹೊಸಾ ಪ್ರಾಜೆಕ್ಟ್ ತಗದು, ಪಟ್ಟಿ ಅಲ್ಲಿಗೆ ಸಾಗಸ್ತೀನಿ."

"ಅಂದ್ರ ಬಸ್ ಕೆಟ್ಟೈತಿ, ಮಂದೀನ ಬ್ಯಾರೆ ಬಸ್ಸಿಗೆ ಹತ್ತಸ್ತಿ. ಹಂಗ ಹೇಳಬಾರದ?"

ಶನಿವಾರ ಮಧ್ಯಾಹ್ನ ಕೂತೆವು. ಅಲ್ಲ, ನಾನು ಕೂತೆ, ಮಾಮಾ ನಿಂತ. ಕೊರಳಲ್ಲಿ ಕಂಡಕ್ಟರಿಕೆಯ ಹಳೆಯ ಸೀಟಿ ಬೇರೆ!

"ಮೊದಲ ಬೀಡಿ ಊರಾವ್ರನ್ನ ಹತ್ತಸು. ದೂರದಿಂದ ಬಂದಾರ."

"ಎಲ್ಲಾರೂ ಒಮ್ಮೆಲೇ ಹೋಗ್ತಾರ ಮಾಮಾ."

"ಒಮ್ಮೆಲೇ? ಬಾಗಲಾ ಎಷ್ಟ ಅಗಲ ಐತಿ ಅದರದು?"

ಗುಂಡಿ ಒತ್ತಿದೆ. ಒಂದು ನಿಮಿಷದಲ್ಲಿ ಮುಗಿಯಿತು. ಕಾಲು ಚಾಚಿದೆ. ಮಾಮಾ ಬಿಡಬೇಕಲ್ಲ!

"ಹಳೇ ಬಸ್ಸಿನ್ಯಾಗ ಎಷ್ಟ ಮಂದಿ? ಹೊಸಾದ್ರಾಗ ಎಷ್ಟ?"

ನೋಡಿದೆ. ಹಳೆಯದರಲ್ಲಿ ಆರುನೂರಾ ಹನ್ನೆರಡು. ಹೊಸದರಲ್ಲಿ ಆರುನೂರಾ ಹನ್ನೊಂದು.

"ಒಬ್ಬರು ಉಳದಾರ! ಬಸ್ ಬಿಡಬ್ಯಾಡ!" ಎಂದು ಮಾಮಾ ಜೋರಾಗಿ ಸೀಟಿ ಊದಿದ. ಬೀದಿಯಲ್ಲಿ ಹೋಗುತ್ತಿದ್ದ ಆಟೊ ಗಕ್ಕನೆ ನಿಂತಿತು!

"ಒಂದ ಹೆಸರು ಮಾಮಾ. ಹೋದ್ರ ಹೋಗ್ಲಿ ಬಿಡು."

"ಜಾಂಬೋಟಿ ಅಡವ್ಯಾಗ ಒಬ್ಬರನ್ನ ಬಿಟ್ಟು ಬರ್ತಾರೇನ?"

ಗೊಣಗುತ್ತ ಹುಡುಕಿದೆ. ತಪ್ಪು ನನ್ನದೇ. ಹದಿನೆಂಟು ತುಂಬದವರನ್ನು ಸೇರಿಸಬಾರದು ಎಂದು ಹೊಸ ಜಾಗಕ್ಕೆ ಬಲು ಜಾಣತನದಿಂದ ಒಂದು ನಿಯಮ ಹಾಕಿದ್ದೆ. ಅದು ಒಬ್ಬಳನ್ನು ಬಾಗಿಲಲ್ಲೇ ತಡೆದಿತ್ತು. ಪಟ್ಟಿಯ ಮೊಟ್ಟಮೊದಲ ಹೆಸರು, ವಯಸ್ಸು ಏಳು.

ಅದು ನನ್ನ ಹೆಸರು.

ಮುಂದೆ ಒಂದು ಷರಾ: "ಇವಳನ್ನು ಕೇಳಬಾರದು. ಇವಳಿಗೆ ಕೊಡಬೇಕು."

ಏಳು ವರ್ಷದವಳಿದ್ದಾಗ ನಾನು ಆಸ್ಪತ್ರೆ ಸೇರಿದ್ದೆ, ರಕ್ತ ಬೇಕಾಗಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಎಲ್ಲಿಂದ ಬಂತು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

"ಮನ್ಯಾಗ ಯಾರದೂ ಹೊಂದಲಿಲ್ಲವ್ವಾ," ಎಂದ ಮಾಮಾ, ಕಿಟಕಿಯ ಕಡೆ ನೋಡುತ್ತ. "ಬಸ್ಸಿನ್ಯಾಗ ಒಬ್ಬೊಬ್ಬರನ್ನ ಕೇಳಕೋತ ಹೋದೆ. ಅವತ್ತಿಂದ ಕೇಳೂದು ನಿಲ್ಲಸಿಲ್ಲ."

"ಎಲ್ಲಾರಿಗೂ ವರ್ಷಾ ಕೂಡಸ್ತಿ. ನನಗ ಯಾಕ ಕೂಡಸಿಲ್ಲ?"

"ನಿನ್ನ ಹೆಸರು ಬಂದ ಕೂಡ್ಲೇ ಕೈ ನಿಲ್ತದವ್ವಾ."

ಈ ಮನುಷ್ಯನ ಸೀಟಿಯನ್ನು ಎಷ್ಟು ಸಲ ಆಡಿಕೊಂಡು ನಕ್ಕಿದ್ದೆ!

ವಯಸ್ಸು ಮೂವತ್ತೈದು ಎಂದು ತಿದ್ದಿದೆ. ಷರಾ ಅಳಿಸಿ, "ಇವಳನ್ನು ಮೊದಲು ಕೇಳಬೇಕು" ಎಂದು ಬರೆದೆ. ಗುಂಡಿ ಒತ್ತಿದೆ. ಆರುನೂರಾ ಹನ್ನೆರಡು.

"ಎಣಸು ಮಾಮಾ."

ಮಾಮಾ ಪರದೆ ನೋಡಿದ, ನನ್ನನ್ನು ನೋಡಿದ. ಸೀಟಿ ಬಾಯಿಗಿಟ್ಟ. ಊದಲು ಆಗಲಿಲ್ಲ.

ಕೊನೆಗೆ ನಾನೇ ಕೂಗಿದೆ: "ರೈಟ್, ರೈಟ್!"