ಅತ್ಯಾ ಮತ್ತು ಅಡವಿಯ ಖಾಲಿ ಜಾಗ

ಕಲಬುರಗಿಯಲ್ಲಿ ನೆರಳು ಬಿಟ್ಟು ಬಿಸಿಲಿಗೆ ಹೋಗಿ ಕೂಡುವುದು ಎರಡೇ: ಒಂದು ಹಪ್ಪಳ, ಇನ್ನೊಂದು ನಮ್ಮ ಅತ್ಯಾ. ಹಪ್ಪಳಕ್ಕಾದರೂ ಬೇರೆ ದಾರಿಯಿಲ್ಲ. ನಮ್ಮಪ್ಪನ ಈ ತಂಗಿಗೆ ಸ್ವಂತ ಮನೆಯಿದೆ, ಕೂಲರ್ ಇದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದಾಳೆ. ಆದರೂ ರವಿವಾರ ಬಂತೆಂದರೆ ಕಮಲಾಪುರದ ಬಸ್ಸು ಹತ್ತಿ, ಊರಾಚೆಯ ಅಡವಿಯಲ್ಲಿ ಮರಗಳ ನಡುವಿನ ಬಯಲು ಹುಡುಕಿ, ಬಿಳಿ ಚಾದರ ಹಾಸಿ ಹುಳ ಎಣಿಸುತ್ತಿದ್ದಳು. ಚೀಲ ಹೊರುವ ಕೆಲಸ ನನ್ನದು.

ಅವಳ ಹತ್ತಿರ ಕೊಡೆಯೂ ಇದೆ, ನೆರಳಿಗಲ್ಲ. ಟೊಂಗೆಯ ಕೆಳಗೆ ಅದನ್ನು ಬುಡಮೇಲು ಹಿಡಿದು, ಮೇಲೆ ಕೋಲಿನಿಂದ ಬಡಿದರೆ ಹುಳ ಉದುರುತ್ತವೆ. ಒಮ್ಮೆ ವಾಪಸು ಬರುವಾಗ ಬಸ್ಸಿನಲ್ಲಿ ಕೊಡೆಯೊಳಗಿಂದ ಹಸಿರು ಜೀರಂಗಿಯೊಂದು ಎದ್ದು ಕಂಡಕ್ಟರನ ತೋಳೇರಿತು.

“ಅಮ್ಮಾರ, ಇದರ ಟಿಕೆಟ್ ಯಾರು ತಗೋತಾರ್ರಿ?”

“ಅದು ಹೆಣ್ಣದಪಾ. ಹೆಂಗಸರಿಗೆ ಫ್ರೀ ಅದ ಅಲ್ಲ?”

“ಆಧಾರ್ ಕಾರ್ಡ್?”

“ಹೆಬ್ಬಟ್ಟು ತಗೋ. ಆರು ಕಾಲು ಅವ, ಯಾವುದಾದರೂ ನಡೀತದ.”

ಹೋದ ಮಳೆಗಾಲದಲ್ಲಿ ಮಾತ್ರ ತಮಾಷೆ ಕೆಟ್ಟಿತು. ನಾವು ಹೋಗುವಷ್ಟರಲ್ಲಿ ಆ ಬಯಲಿನ ತುಂಬ ಸಾಲಾಗಿ ಗುಂಡಿ, ಪಕ್ಕದಲ್ಲಿ ಸಸಿ, ಮಧ್ಯೆ ಅರಣ್ಯ ಇಲಾಖೆಯ ಯುವ ಅಧಿಕಾರಿಣಿ. ಅತ್ಯಾ ಸೀದಾ ಹೋಗಿ ಮೊದಲನೆಯ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಳು.

“ಏಳ್ರಿ ಬಾಯಾರ, ಗಿಡ ಹಚ್ಚಾಕತ್ತೀವಿ,” ಎಂದ ಅಲ್ಲಿಯ ಕಾವಲುಗಾರ.

“ಇಲ್ಲಿ ಹಚ್ಚಬ್ಯಾಡ್ರಿ.”

ಗಿಡ ನೆಡಬೇಡಿ ಎನ್ನುವ ಮನುಷ್ಯಳನ್ನು ಯಾರಾದರೂ ಕಂಡಿದ್ದಾರೆಯೇ? ಕಾವಲುಗಾರ ನನ್ನ ಕಡೆ ತಿರುಗಿ, “ಮನ್ಯಾಗೂ ಹಿಂಗೇನ್ರಿ?” ಎಂದ. ನಾನು ಚೀಲದ ಹಿಂದೆ ಮುಖ ಮುಚ್ಚಿಕೊಂಡೆ.

“ಖಾಲಿ ಜಾಗ ಅಲ್ಲೇನ್ರಿ ಇದು?” ಎಂದಳು ಅಧಿಕಾರಿಣಿ.

“ಖಾಲಿ ಇಲ್ಲವಾ. ಬೇಕಾದ್ರ ನೋಡು.”

ಅತ್ಯಾ ಒಂದು ಚಾದರವನ್ನು ಪಕ್ಕದ ದಟ್ಟ ನೆಡುತೋಪಿನ ನೆರಳಲ್ಲಿ ಹಾಸಿಸಿದಳು, ಇನ್ನೊಂದನ್ನು ಬಯಲಲ್ಲಿ. ನೆರಳಿನದಕ್ಕೆ ಇರುವೆ ಬಂದವು, ಒಂದು ಮಂಕು ಪತಂಗ ಬಂತು, ಸೊಳ್ಳೆಗಳು ನಮ್ಮನ್ನೇ ಎಣಿಸಿದವು. ಬಯಲಿನದಕ್ಕೆ ಮಿಡತೆ, ಗುಲಗಂಜಿ ಹುಳ, ಸಣ್ಣ ಜೇನು, ಹೆಸರು ಗೊತ್ತಿಲ್ಲದ ಪಟ್ಟೆಯ ನೊಣಗಳು. ಹುಲ್ಲಿನ ಹೂವಿನ ಮೇಲೆ ಚಿಟ್ಟೆಗಳು, ಒಣಗಿ ನಿಂತ ಕೊರಡಿನ ತೂತುಗಳಲ್ಲಿ ಕಣಜ. ಎಣಿಸುತ್ತಿದ್ದ ಕಾವಲುಗಾರ ಎರಡು ಸಲ ಲೆಕ್ಕ ತಪ್ಪಿ ಮೂರನೆಯ ಸಲ ಕೈಬಿಟ್ಟ.

“ನೆರಳಿನ ಹುಳಾನೂ ಬೇಕವಾ,” ಎಂದಳು ಅತ್ಯಾ. “ಆದರ ಅಡವಿ ಅಂದ್ರ ಮದುವಿ ಚಪ್ಪರ ಅಲ್ಲ, ಪೂರಾ ಮುಚ್ಚಲಿಕ್ಕೆ. ನಡುನಡುವ ಬಿಸಿಲು ಇಳೀಬೇಕು.”

ಅಧಿಕಾರಿಣಿ ಎರಡೂ ಚಾದರಗಳ ಮೇಲೆ ಬಗ್ಗಿ ನೋಡಿ, ಗುಂಡಿ ಮುಚ್ಚಿಸಿದಳು. ಆಮೇಲೆ ಸಸಿಗಳೆಲ್ಲ ರಸ್ತೆಯ ಬದಿಗೆ ಹೋದವು.

ಈ ವರ್ಷ ಅತ್ಯಾನ ಕಣ್ಣು ಹೋದವು. ಕಣ್ಣಿನ ನರ ಒಣಗಿದೆ, ಬೆಳಕು, ಕತ್ತಲೆ ಇಷ್ಟೇ ತಿಳಿದೀತು ಎಂದರು ಡಾಕ್ಟರು. ಅವಳು ಚಾದರ ಮಡಚಿ ಕಪಾಟಿನಲ್ಲಿಟ್ಟಳು. ಎರಡು ತಿಂಗಳು ಮನೆ ಬಿಟ್ಟು ಕದಲಲಿಲ್ಲ.

ಒಂದು ದಿನ ಕಾವಲುಗಾರನ ಫೋನು ಬಂತು. “ಬಾಯಾರನ ಕರ್ಕೊಂಡು ಬರ್ರಿ. ಬಯಲಾಗ ಹೂವು ಬಿಟ್ಟಾವ. ಏನೇನೋ ಬರಾಕತ್ತಾವ, ನನಗ ಹೆಸರು ತಿಳೀವಲ್ದು.”

ಕರೆದುಕೊಂಡು ಹೋದೆ. ಬಯಲಿನ ನಡುವೆ ಕೂತು ಅವಳು ಮುಖ ಮೇಲೆತ್ತಿದಳು. ಬೆವರಿದ ಅವಳ ಮಣಿಕಟ್ಟಿನ ಮೇಲೆ ಏನೋ ಬಂದು ಕೂತಿತು.

“ಯಾವುದದು?” ಎಂದಳು ಮೆಲ್ಲಗೆ.

“ನೀಲಿ ಚಿಟ್ಟಿ, ಅತ್ಯಾ.”

“ನೀಲಿ ಅಂದ್ರ ಎಂಥಾ ನೀಲಿ?”

ಇಷ್ಟು ವರ್ಷ ಚೀಲ ಹೊತ್ತಿದ್ದೆನೇ ಹೊರತು ಒಂದು ಹುಳವನ್ನೂ ನೆಟ್ಟಗೆ ನೋಡಿರಲಿಲ್ಲ. ಬಗ್ಗಿ ನೋಡಿದೆ. ರೆಕ್ಕೆಯ ಅಂಚಿಗೆ ಬಿಳಿ ಗೆರೆ, ಹಿಂತುದಿಯಲ್ಲಿ ಎರಡು ಕಪ್ಪು ಚುಕ್ಕೆ, ಚುಕ್ಕೆಯ ಸುತ್ತ ಕಿತ್ತಳೆ ಬಣ್ಣ. ಕಂಡದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತ ಹೋದೆ.

ಅತ್ಯಾ ಇನ್ನೊಂದು ಕೈಯಿಂದ ನನ್ನ ಕೈ ಹುಡುಕಿ ಹಿಡಿದಳು.

“ಸಾವಕಾಶ ಹೇಳವಾ. ನನಗ ಕಾಣಸ್ಲಿಕತ್ತದ.”